ಜೀನು

ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ.
ಇರುವೆಗಿಂತ ಸಣ್ಣದರ ಭಾರಕ್ಕೆ
ಗಾದೆ ಕಟ್ಟಿದವರಿಲ್ಲ.
ಅದನ್ನು ನೋಡಲು ಬೆರ್ಫಿನ್
ಇಸ್ತಾಂಬುಲ್ಲಿನ ಗುಡ್ಡದ ಮೇಲೊಂದು ಪ್ರಯೋಗಾಲಯದಲ್ಲಿ
ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದಾಳೆ.
ರಾತ್ರಿ ಹನ್ನೊಂದೂವರೆ. ಸೊಂಟ ಸಣ್ಣಗಿನ ಗಾಜಿನ ಲೋಟದಲ್ಲಿ
ಚಹಾ ತಣ್ಣಗಾಗಿದೆ.

ಗಾಜಿನ ಪಟ್ಟಿಯ ಮೇಲೆ ಒಂದು ಹನಿ.
ಹನಿಯೊಳಗೆ ಈಜುವವು,
ಯಾವ ಕಾಲದಲ್ಲೋ ಯಾರದೋ ಕರುಳಿನಲ್ಲಿ
ಹೇಳಹೆಸರಿಲ್ಲದೆ ಬಾಳಿದ್ದ ವಂಶ.
ಒಂದೊಂದರ ಬೆನ್ನಿಗೂ ಅವಳೇ ಅಂಟಿಸಿದ ಗುಳ್ಳೆ,
ಗುಳ್ಳೆಯೊಳಗೆ ಔಷಧಿ,
ನಾಲಿಗೆಗೆ ಕಹಿಯೆಂದೂ ತಿಳಿಯದಷ್ಟು.

ಅವುಗಳ ಲೋಕದಲ್ಲಿ ನೀರು ನೀರಲ್ಲ,
ಆರುತ್ತಿರುವ ಬೆಲ್ಲದ ಪಾಕ.
ಬಾಲ ತಿರುಗುವಷ್ಟು ಹೊತ್ತು ಮಾತ್ರ ದಾರಿ.
ನಿಲ್ಲಿಸಿದಿರೋ, ಅಲ್ಲೇ ನಿಂತಿರಿ.
ಹುಟ್ಟು ಎತ್ತಿಟ್ಟ ಮೇಲೂ ದೋಣಿ ನಾಲ್ಕು ಮಾರು ಜಾರುತ್ತದಲ್ಲ,
ಆ ಪುಕ್ಕಟೆ ಅವಕ್ಕಿಲ್ಲ,
ಪರಮಾಣುವಿನ ಅಗಲದಷ್ಟೂ ಇಲ್ಲ.

ತಾತ ಜುಲ್ಫು ಹೇಳುತ್ತಿದ್ದ:
"ಏರಿನಲ್ಲಿ ನಿಂತವನಿಗೆ ಏರು ಎರಡಾಗುತ್ತದೆ."
ಮಲಾತ್ಯದಿಂದ ಹದಿನಾರಕ್ಕೆ ಬಂದು ಹಮಾಲನಾದವನು.
ಹಮಾಲಿ ಅಂತ ನಾವೂ ಅನ್ನುತ್ತೇವೆ. ಹೊರುವವರ ಹೆಸರು
ಎಷ್ಟು ದೂರ ನಡೆದಿದೆ, ನೋಡಿ.
ಬೆನ್ನಿಗೆ ಹುಲ್ಲು ತುರುಕಿದ ಚರ್ಮದ ಜೀನು,
ಸೆಮೆರ್ ಅನ್ನುತ್ತಾರೆ ಅಲ್ಲಿ,
ಕತ್ತೆಗೆ ಹಾಕುವುದನ್ನೇ ಮನುಷ್ಯನಿಗೆ ಅಳತೆ ಮಾಡಿ ಹೊಲಿದದ್ದು.
ಅದರ ಮೇಲೆ ಬಟ್ಟೆಯ ಥಾನು, ಫ್ರಿಜ್ಜು,
ಒಮ್ಮೆ ಯಾರದೋ ಪಿಯಾನೋ,
ಎಮಿನೋನು ದಕ್ಕೆಯಿಂದ ಮೆಟ್ಟಿಲು ಮೆಟ್ಟಿಲು ಮೇಲಕ್ಕೆ.
ಊರೆಂದರೆ ಅವನಿಗೆ ಹಾಸುಗಲ್ಲು, ಚಪ್ಪಲಿಗಳು, ಬೆಕ್ಕು.
ಸಮುದ್ರ ನೋಡಿದ್ದೀಯಾ ತಾತ, ಅಂದರೆ
"ವಾಪಸ್ಸು ಬರುವಾಗ" ಅನ್ನುತ್ತಿದ್ದ.

ಇವು ಒಂದು ಕ್ಷಣ ನೇರ ಓಡುತ್ತವೆ,
ಆಮೇಲೆ ಬಾಲಗಳ ಜಡೆ ಬಿಚ್ಚಿ, ಉರುಳಿ,
ಎತ್ತಲೋ ಮುಖ ಮಾಡಿ ಮತ್ತೆ ಓಟ.
ಸಿಹಿಯ ಸುಳಿವು ಸಿಕ್ಕರೆ ಉರುಳುವುದು ಕಡಿಮೆ;
ಅಷ್ಟೇ ಅವುಗಳ ಭೂಪಟ.
ಬೆರ್ಫಿನ್ ಆ ತುದಿಯಲ್ಲಿ ಸಿಹಿಯ ಚುಕ್ಕೆಯೊಂದನ್ನು ಇಟ್ಟಿದ್ದಾಳೆ.
ಕೂಲಿಯ ಮುಂಗಡವೋ, ಗಾಳದ ಹುಳುವೋ,
ವರದಿಯಲ್ಲಿ ಆ ಕಾಲಂ ಇಲ್ಲ.

ಎಂಬತ್ತೇಳು ಹೊರಟವು. ತಲುಪಿದ್ದು ಹನ್ನೊಂದು.
ಕೆಲವು ಹೊರೆ ಒಂದು ಕಡೆಗೆ ವಾಲಿ
ಗಾಣದೆತ್ತಿನಂತೆ ಸುತ್ತುತ್ತಿವೆ.
ಒಂದು ಗಾಜಿಗೆ ಅಂಟಿಕೊಂಡು ಒದ್ದಾಡುತ್ತಿದೆ.
ಇನ್ನೊಂದು, ಅವಳು ನೋಡುತ್ತಿರುವುದು ಅದನ್ನೇ,
ದಾರಿಯ ನಡುವೆ ಹೆರುತ್ತಿದೆ.

ಹೆರುವುದೆಂದರೆ ಇಲ್ಲಿ ತಾನೇ ಎರಡಾಗುವುದು.
ತಾಯಿ ಯಾರು, ಮಗಳು ಯಾರು ಕೇಳುವಂತಿಲ್ಲ.
ಕೇಳಬಹುದಾದ್ದು ಒಂದೇ:
ಹೊರೆ ಯಾರ ಪಾಲಿಗೆ?
ಸೊಂಟ ನೂಲಾಯಿತು. ನೂಲು ಹರಿಯಿತು.
ಎಡಗಡೆಯದು ಗುಳ್ಳೆ ಸಮೇತ ತಡವರಿಸಿತು.
ಬಲಗಡೆಯದು ಬರಿ ಬೆನ್ನಿನಲ್ಲಿ
ಚೌಕಟ್ಟು ದಾಟಿ ಹೋಯಿತು
ತಿರುಗಿಯೂ ನೋಡದೆ. ನೋಡಲು ಕಣ್ಣೆಲ್ಲಿ.

ತಾತನಿಗೂ ಇಬ್ಬರು.
ಜೀನು ಹಿದಿರ್ ದೊಡ್ಡಪ್ಪನಿಗೆ ಬಂತು, ಹದಿನೈದಕ್ಕೆ.
ಅಪ್ಪ ಶಾಲೆಗೆ ಹೋದ.
ಮನೆಯಲ್ಲಿ ಯಾರೂ ಇದನ್ನು ಕತೆಯಾಗಿ ಹೇಳಿದ್ದಿಲ್ಲ.
ಹಬ್ಬದ ದಿನ ದೊಡ್ಡಪ್ಪನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡು
ಮುಖ ನೋಡಬೇಕೆಂದರೆ
ಅವನು ತಲೆಯೆತ್ತಲಾರ, ಅವಳೇ ಇನ್ನಷ್ಟು ಬಗ್ಗಬೇಕು.
ಅಷ್ಟರಲ್ಲೇ ತಿಳಿದದ್ದು.

ಅವನೊಮ್ಮೆ ಕೇಳಿದ್ದ, ಏನು ಕೆಲಸ ನಿನ್ನದು?
ಬ್ಯಾಕ್ಟೀರಿಯಾಗಳ ಬೆನ್ನ ಮೇಲೆ ಔಷಧಿ ಕಳಿಸುವುದು.
ಮಣಿಮಾಲೆಯ ಒಂದು ಸುತ್ತು ಮುಗಿಸಿ ಅಂದ:
"ಹೊರಿಸಲು ಯಾರಿಗೂ ಬರುತ್ತದೆ.
ಇಳಿಸುವವರು ಯಾರು?"

ಎಡಗಡೆಯದು, ಹನ್ನೆರಡನೆಯದು, ತುದಿ ಮುಟ್ಟಿತು.
ಬೆರ್ಫಿನ್ ಕೆಂಪು ಬೆಳಕಿನ ಗುಂಡಿ ಒತ್ತಿದಳು. ಗುಳ್ಳೆ ಕರಗಿತು.
ಬೆನ್ನು ಹಗುರಾದದ್ದು ಅದಕ್ಕೆ ಗೊತ್ತಾಯಿತೇ?
ವೇಗ ಒಂದೂವರೆ ಪಟ್ಟು, ಅಂತ ಬರೆದುಕೊಂಡಳು.
ಇನ್ನು ಪಟ್ಟಿಯನ್ನು ಹಬೆಯ ಪೆಟ್ಟಿಗೆಗೆ ಹಾಕಬೇಕು, ನಿಯಮ:
ನೂರಿಪ್ಪತ್ತೊಂದು ಡಿಗ್ರಿ, ಕಾಲು ಗಂಟೆ.

ಲೋಟ ಕೈಗೆತ್ತಿಕೊಂಡಳು.
ತಣ್ಣಗಾದ ಚಹಾ ಗುಟುಕು ಗುಟುಕಾಗಿ ಮುಗಿಯುವವರೆಗೆ
ಅದು ಸುಮ್ಮನೆ ಈಜಲಿ ಅಂತ ಬಿಟ್ಟಳು.